ಸೋಮವಾರದ ಬೀಗ

ಅಜ್ಜಾರು ಹೊಳೆಯಲ್ಲಿ ಧೋತರ ಜಾಲಾಡುತ್ತಿದ್ದರು. ಶಂಭುಲಿಂಗ ಮೆಟ್ಟಿಲಿಳಿದು ಬರುವ ಸದ್ದಿಗೇ ಅವರಿಗೆ ಗೊತ್ತಾಯಿತು, ಹುಡುಗನ ತಲೆ ಇವತ್ತೂ ಕೆಟ್ಟಿದೆ ಎಂದು. ಮೂವತ್ತೆಂಟು ವರ್ಷದ ಹುಡುಗ.

“ಅಜ್ಜಾರ, ನನಗ ಸಾಕಾಗೇತ್ರಿ.”

“ಮುಂಜಾನೆದ್ದ ಕೂಡ್ಲೇನ?”

“ಒಂಬೈನೂರು ಮಂದಿ ಅದಾರ್ರಿ. ಕೈ ಹಚ್ಚಾಕ ಒಬ್ಬಾಂವ ಬರಂಗಿಲ್ಲ. ಗ್ರೂಪ್ ಮುಚ್ಚಿಬಿಡ್ತೀನಿ. ಅಪ್ಪಣೆ ಕೊಡ್ರಿ.”

ಅಜ್ಜಾರ, ಅಂದರೆ ಕಾಡಯ್ಯಜ್ಜನ, ಆಶ್ರಮ ಮಲಪ್ರಭೆಯ ದಂಡೆಯ ಮೇಲಿತ್ತು. ಕುಡಿತ ಬಿಡಬೇಕೆಂದವರು ಅಲ್ಲಿಗೆ ಬರುತ್ತಿದ್ದರು. ಇಪ್ಪತ್ತೊಂದು ದಿನ ಇರುತ್ತಿದ್ದರು. ಹೊಳೆಯಲ್ಲಿ ಮಿಂದು, ಹೊಲದಲ್ಲಿ ದುಡಿದು, ಪಂಕ್ತಿಯಲ್ಲಿ ಉಂಡು ಮನೆಗೆ ಹೋಗುತ್ತಿದ್ದರು.

ಇಪ್ಪತ್ತೊಂದು ದಿನ ಹೇಗೋ ಕಳೆಯುತ್ತವೆ. ಕಷ್ಟ ಶುರುವಾಗುವುದು ಇಪ್ಪತ್ತೆರಡನೆಯ ದಿನ. ಊರಿಗೆ ಹೋದರೆ ಶೆರೆ ಅಂಗಡಿ ಅದೇ ಜಾಗದಲ್ಲಿರುತ್ತದೆ, ಹಳೆಯ ಗೆಳೆಯರೂ ಅದರ ಮುಂದೆಯೇ ಇರುತ್ತಾರೆ.

ಅದಕ್ಕೆಂದೇ ಶಂಭುಲಿಂಗ ಫೋನಿನಲ್ಲಿ ಒಂದು ಬಳಗ ಕಟ್ಟಿದ್ದ. ಹೆಸರು ‘ದಂಡೆ’. ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು, ಅವರ ಮನೆಯ ಹೆಂಗಸರು, ಎಲ್ಲರೂ ಅದರಲ್ಲಿದ್ದರು.

ಅಲ್ಲೊಂದು ರೂಢಿ. ಆಸೆ ತಡೆಯಲಾಗದವನು ‘ಬಾಯಿ ಒಣಗೇತಿ’ ಎಂದಷ್ಟು ಬರೆದರೆ ಸಾಕು. ಮೊದಲು ಕಂಡವರು ಅವನಿಗೆ ಫೋನ್ ಮಾಡುತ್ತಿದ್ದರು. ಎಮ್ಮೆ, ಹತ್ತಿ, ಮಗಳ ಮದುವೆ, ಏನಾದರೂ ಮಾತಾಡುತ್ತ ಆಸೆ ಇಳಿಯುವವರೆಗೆ ಅವನನ್ನು ಹಿಡಿದಿಡುತ್ತಿದ್ದರು. ಹಾಗೆ ಉಳಿದುಕೊಂಡವರು ಬಹಳ ಮಂದಿ.

ಆದರೆ ಆ ಎರಡು ಶಬ್ದದ ಸುತ್ತ ದಿನಾ ಒಂದು ಗಾಡಿ ಕಸ. ಶುಭೋದಯದ ಗುಲಾಬಿಗಳು, ಯಾರೋ ಎಂದೋ ಕಳಿಸಿದ ವಿಡಿಯೋಗಳು, ಚುನಾವಣೆಯ ಜಗಳ, ಮೂಲವ್ಯಾಧಿಗೆ ಮದ್ದು. ಅದನ್ನೆಲ್ಲ ಗುಡಿಸುವವನು ಶಂಭುಲಿಂಗ ಒಬ್ಬನೇ. ಅವನು ಆಶ್ರಮಕ್ಕೆ ಬರುವ ಮೊದಲು ಒಂದು ಕಚೇರಿಯಲ್ಲಿ ಬಂದುಹೋಗುವ ಕಾಗದಗಳ ಆವಕ-ಜಾವಕ ನೋಡುತ್ತಿದ್ದವನು. ಒಂದು ಕಾಗದ ತಪ್ಪು ಫೈಲಿಗೆ ಹೋದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಜ್ಜಾರು ಒದ್ದೆ ಧೋತರದ ಒಂದು ತುದಿಯನ್ನು ಅವನ ಕಡೆ ಚಾಚಿದರು.

“ಹಿಡಿ. ಹಿಂಡೂಣು.”

“ತರ್ರಿ ಇಲ್ಲೆ. ನೀವ್ಯಾಕ ತ್ರಾಸ ತಗೋತೀರಿ?”

ಶಂಭುಲಿಂಗ ಪೂರಾ ಧೋತರವನ್ನೇ ಕಸಿದುಕೊಂಡ. ಎಂಟು ಮೊಳದ ಬಟ್ಟೆ. ಒಬ್ಬನೇ ತಿರುವಲು ಹೋದ. ಅರ್ಧ ಮಣ್ಣಿಗೆ ಬಿತ್ತು. ಮತ್ತೆ ಜಾಲಾಡಿದ, ಮತ್ತೆ ತಿರುವಿದ. ರಟ್ಟೆ ನೋಯಿತು, ಅಂಗಿ ತೊಯ್ದು ತೊಪ್ಪೆಯಾಯಿತು, ಧೋತರದಿಂದ ನೀರು ಇನ್ನೂ ತೊಟ್ಟಿಕ್ಕುತ್ತಲೇ ಇತ್ತು.

ಅಜ್ಜಾರು ಖಾಲಿ ಕೈಯಲ್ಲಿ ನಿಂತು ಹೊಳೆ ನೋಡುತ್ತಿದ್ದರು.

“ನೋಡ್ರಿ! ಇಲ್ಲೂ ನಾನ ಒಬ್ಬಾಂವ,” ಎಂದ ಶಂಭುಲಿಂಗ, ಏದುಸಿರು ಬಿಡುತ್ತ.

“ಹೌದು. ನೋಡಾಕತ್ತೀನಿ,” ಎಂದರು ಅಜ್ಜಾರು.

ಅಪ್ಪಣೆ ಮಾತ್ರ ಕೊಡಲಿಲ್ಲ. “ಮಂದೀನ ಕೇಳಿದಿಯೇನು?” ಎಂದರು.

“ನಾಕ ಸಲ ಕೇಳೀನ್ರಿ.”

“ಹ್ಯಾಂಗ ಕೇಳಿದಿ?”

ಶಂಭುಲಿಂಗ ಕೈ ಒರೆಸಿಕೊಂಡು ಫೋನ್ ತೆಗೆದು ಓದಿದ. ಓದುವಾಗ ಅವನ ಧ್ವನಿ ತಾನಾಗಿಯೇ ಗಟ್ಟಿಯಾಯಿತು.

“ಸದಸ್ಯರ ಗಮನಕ್ಕೆ. ಬಳಗದ ಶಿಸ್ತು ಕಾಪಾಡಲು ಸ್ವಯಂಸೇವಕರು ಬೇಕಾಗಿದ್ದಾರೆ. ಆಸಕ್ತರು ತಮ್ಮ ಹೆಸರು, ವಯಸ್ಸು, ವಿದ್ಯಾರ್ಹತೆ ಹಾಗೂ ಬಿಡುವಿನ ವೇಳೆಯನ್ನು ಮೂರು ದಿನಗಳೊಳಗಾಗಿ ತಿಳಿಸತಕ್ಕದ್ದು. ಬಳಗದ ಇಪ್ಪತ್ಮೂರು ನಿಯಮಗಳನ್ನು ಬಾಯಿಪಾಠ ಮಾಡಿದವರಿಗೆ ಆದ್ಯತೆ.”

“ಮತ್ತ? ಏನ್ ಬಂತು?”

“ಇನ್ನೂರಾ ಹನ್ನೆರಡು ಕೈಮುಗಿಯೋ ಚಿತ್ರ ಬಂದ್ವು. ನಲವತ್ತು ಹೆಬ್ಬೆಟ್ಟು. ಒಬ್ಬಾಂವ ಟ್ರ್ಯಾಕ್ಟರಿನ ಟೇಲರ್ ಮಾರೋದೈತಿ ಅಂತ ಹಾಕಿದ.”

ಅಜ್ಜಾರು ನಕ್ಕುಬಿಟ್ಟರು. ಶಂಭುಲಿಂಗನಿಗೆ ಮೈಯೆಲ್ಲ ಉರಿಯಿತು.

“ನಗಬ್ಯಾಡ್ರಿ ಅಜ್ಜಾರ. ನನ್ನ ಹೊಟ್ಟಿ ಉರದು ಹೊಂಟೈತಿ.”

“ಆತು, ನಗಂಗಿಲ್ಲ. ಒಬ್ಬರೂ ಬರಲೇ ಇಲ್ಲೇನು?”

ಶಂಭುಲಿಂಗ ಒದ್ದೆ ಅಂಗಿಯ ತೋಳು ಹಿಂಡಿದ.

“ಒಬ್ಬಾಕಿ ಬಂದಿದ್ಲ್ರಿ. ನೀಲವ್ವ ಅಂತ. ಖಾರ ಕುಟ್ಟೋ ಗಿರಣಿ ಐತಿ ಆಕೀದು. ಇಬ್ಬರು ಜಗಳ ಆಡಾಕತ್ತಿದ್ರು. ‘ಬಾಯಿ ಮುಚ್ಚರಿ, ಇದೇನ್ ಸಂತಿ ಅಲ್ಲ’ ಅಂತ ಬರದ್ಲು. ನಿಮಗ ಈ ಅಧಿಕಾರ ಯಾರು ಕೊಟ್ರು ಅಂತ ನಾ ಕೇಳಿದೆ. ಹದಿನಾಲ್ಕನೇ ನಿಯಮ ಐತ್ರಿ, ಶಿಸ್ತಿನ ಮಾತು ಅಡ್ಮಿನ್ ಅಷ್ಟ ಆಡಬೇಕಂತ.”

“ಆಕಿ ಬರದ ಮ್ಯಾಲ ಜಗಳ ನಿಂತಿತ್ತೇನು?”

“ನಿಂತಿತ್ರಿ.”

“ನೀ ಬರದ ಮ್ಯಾಲ ಆಕಿ?”

“ಆಕಿ ಅವತ್ತಿನಿಂದ ಬರದಿಲ್ರಿ.”

ಅಜ್ಜಾರು ಧೋತರ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಶಂಭುಲಿಂಗ ಅಲ್ಲೇ ಕುಳಿತ. ಒಂದು ನೇರ ಉತ್ತರ ಕೊಟ್ಟರೆ ಇವರ ಗಂಟೇನು ಹೋಗುತ್ತದೆ ಎಂದು ಅವನಿಗೆ ಸಿಟ್ಟು ಬಂತು.

ನೇರ ಉತ್ತರ ಸಿಗದವನು ತಾನೇ ಒಂದು ಉಪಾಯ ಹುಡುಕಿದ.

ಆಶ್ರಮದಲ್ಲಿ ಸೋಮವಾರ ಸೂರ್ಯ ಮೂಡಿದಾಗಿನಿಂದ ನಡುಮಧ್ಯಾಹ್ನದವರೆಗೆ ಮೌನ. ಮಾತಿಲ್ಲ, ಸನ್ನೆಯೂ ಇಲ್ಲ. ಫೋನುಗಳೆಲ್ಲ ಒಂದು ಕಟ್ಟಿಗೆಯ ಪೆಟ್ಟಿಗೆಯೊಳಗೆ. ಮಧ್ಯಾಹ್ನ ಪೆಟ್ಟಿಗೆ ತೆರೆದಾಗ ಶಂಭುಲಿಂಗನ ಫೋನಿನಲ್ಲಿ ಮುನ್ನೂರು ಕಸ ಕಾಯುತ್ತಿರುತ್ತಿತ್ತು. ಸೋಮವಾರದ ಶಾಂತಿಯೆಲ್ಲ ಆ ಒಂದು ಗಳಿಗೆಯಲ್ಲಿ ನೀರಾಗುತ್ತಿತ್ತು.

ಒಂದು ಭಾನುವಾರ ಸಂಜೆ ಅವನು ಬಳಗಕ್ಕೂ ಬೀಗ ಹಾಕಿದ. ಅಡ್ಮಿನ್ ಬಿಟ್ಟು ಬೇರೆ ಯಾರೂ ಏನೂ ಬರೆಯಲಾಗದು. ಫೋನಿನಲ್ಲಿ ಆ ಗುಂಡಿ ಮೊದಲಿನಿಂದಲೂ ಇತ್ತು, ಒತ್ತಿದವರಿರಲಿಲ್ಲ. ಸೋಮವಾರ ಮಧ್ಯಾಹ್ನ ಬೀಗ ತೆಗೆದ.

ಒಂದು ಕಸವಿಲ್ಲ. ಬಳಗ ಸಾರಿಸಿದ ಅಂಗಳದ ಹಾಗಿತ್ತು.

ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಇದು ಬರೀ ಉಪಾಯವಲ್ಲ, ಒಂದು ಸಾಧನೆ ಎಂದೇ ಅನ್ನಿಸಿತು. ‘ಇನ್ನು ಮುಂದೆ ಸೋಮವಾರ ಬಳಗಕ್ಕೂ ಮೌನ’ ಎಂದು ಒಂದು ಸೂಚನೆ ಹಾಕಿದ. ಎಂದಿನಂತೆ ಕೈಮುಗಿಯುವ ಚಿತ್ರಗಳು ಬಂದವು. ಅಜ್ಜಾರಿಗೆ ಹೇಳಲಿಲ್ಲ. ಒಂದು ತಿಂಗಳು ಕಳೆಯಲಿ, ಆಮೇಲೆ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದುಕೊಂಡ.

ಮೂರನೆಯ ಸೋಮವಾರ ಕಳೆದು ಬುಧವಾರ ಬೆಳಗ್ಗೆ ಪರಸಪ್ಪ ಬಂದ.

ಪರಸಪ್ಪ ಟಂಟಂ ಓಡಿಸುವವನು. ಮೂರು ತಿಂಗಳ ಹಿಂದೆ ಇಲ್ಲಿಗೆ ಬಂದು ಇಪ್ಪತ್ತೊಂದು ದಿನ ಇದ್ದು ಹೋಗಿದ್ದ. ಬಿಟ್ಟು ಎಂಬತ್ತು ದಿನ ದಾಟಿದಾಗ ಅವನ ಹೆಂಡತಿ ಆಶ್ರಮಕ್ಕೆ ಕಡಲೆ ಹೋಳಿಗೆ ಕಳಿಸಿದ್ದಳು. ಈಗ ಅವನ ಟಂಟಂ ಇರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಹತ್ತಿರ ಬಂದಾಗ ವಾಸನೆಯೇ ಎಲ್ಲ ಹೇಳಿತು.

ಅಜ್ಜಾರು ಕಟ್ಟೆಯ ಮೇಲೆ ಕುಳಿತಿದ್ದರು. ಪರಸಪ್ಪ ಕೆಳಗೆ ನೆಲದ ಮೇಲೆ ಕುಳಿತ.

ಶಂಭುಲಿಂಗನಿಗೆ ತಡೆಯಲಾಗಲಿಲ್ಲ. ಅವನ ಮೇಲಿನ ಮರುಕವೂ ಇತ್ತು, ಒಂಬೈನೂರು ಜನರ ಮೇಲಿನ ಸಿಟ್ಟೂ ಇತ್ತು. ಎರಡೂ ಒಟ್ಟಿಗೇ ಹೊರಬಿದ್ದವು.

“ಎಂಬತ್ಮೂರು ದಿನ ಪರಸಪ್ಪಾ! ಎಂಬತ್ಮೂರು! ‘ಬಾಯಿ ಒಣಗೇತಿ’ ಅಂತ ಎರಡ ಶಬ್ದ ಬರೆಯಾಕ ನಿನಗೇನ್ ಧಾಡಿ ಆಗಿತ್ತು? ಅಷ್ಟೂ ಆಗಲಿಲ್ಲೇನು? ಮತ್ಯಾಕ ಬೇಕು ಈ ಬಳಗ, ಯಾರಿಗಾಗಿ ನಾ ಒದ್ದಾಡಾಕತ್ತೀನಿ?”

ಪರಸಪ್ಪ ತಲೆ ಎತ್ತಲಿಲ್ಲ.

“ಬರೆಯಾಕ ಹೋದ್ನ್ರಿ ಅಣ್ಣಾರ. ಬಿಡಲಿಲ್ಲ.”

“ಯಾರು ಬಿಡಲಿಲ್ಲ?”

“ಫೋನ್ ಬಿಡಲಿಲ್ರಿ. ಅಡ್ಮಿನ್ ಅಂತ ಏನೋ ತೋರಿಸಿತು.”

ಶಂಭುಲಿಂಗ ಕಿಸೆಯೊಳಗಿನ ಫೋನ್ ಮುಟ್ಟಿ ನೋಡಿಕೊಂಡ.

“ಯಾವತ್ತು?” ಎಂದು ಕೇಳಿದವರು ಅಜ್ಜಾರು.

“ಸ್ವಾಮಾರ ಮುಂಜಾನೆ. ಒಂಬತ್ತಕ್ಕ ಅಂಗಡಿ ಮುಂದ ಗಾಡಿ ನಿಲ್ಸಿದ್ನಿ. ಅಂಗಡಿ ಇನ್ನಾ ತಗದಿದ್ದಿಲ್ಲ. ತಗಿಯೋದರಾಗ ಯಾರರ ಫೋನ್ ಮಾಡ್ತಾರ ಅಂತ ಬರೆಯಾಕ ಹೋದ್ನಿ. ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ನಿ. ಮತ್ತ ನೋಡಿದ್ನಿ. ಈಗ ತಗದಿರತಾರ, ಈಗ ತಗದಿರತಾರ ಅಂತ ನೋಡಕೋತನ ಕುಂತಿದ್ನಿ.”

“ಯಾರಿಗರ ನೀನ ಫೋನ್ ಮಾಡಬೇಕಿಲ್ಲ?” ಎಂದ ಶಂಭುಲಿಂಗ. ಅವನ ಧ್ವನಿಯಲ್ಲಿ ಈಗ ಕಸುವಿರಲಿಲ್ಲ.

“ಯಾರಿಗಂತ ಮಾಡ್ಲ್ರಿ? ಅದರಾಗ ಬರೇ ನಂಬರ ಅದಾವು, ಯಾವುದು ಯಾರದಂತ ನನಗೇನ್ ಗೊತ್ತು? ನಿಮಗ ಮಾಡಿದ್ನಿ. ಹತ್ತಲಿಲ್ಲ.”

ಶಂಭುಲಿಂಗನ ಫೋನ್ ಆ ಹೊತ್ತು ಕಟ್ಟಿಗೆಯ ಪೆಟ್ಟಿಗೆಯೊಳಗಿತ್ತು.

“ಸ್ವಾಮಾರ ಮೌನ ಅಂತ ಸೂಚನೆ ಹಾಕಿದ್ನಲ್ಲೋ, ಪರಸಪ್ಪ.”

“ಅಷ್ಟುದ್ದಂದು ನನಗ ಓದಾಕ ಬರಂಗಿಲ್ರಿ. ಕೈ ಮುಗದು ಬಿಟ್ಟಿದ್ನಿ.” ಪರಸಪ್ಪ ನೆಲ ಕೆದರಿದ. “ನಾ ಏನೋ ತಪ್ಪ ಮಾಡೀನಿ, ನನಗೊಬ್ಬವಗ ಬಾಗಲಾ ಹಾಕ್ಯಾರ ಅಂತ ತಿಳಕೊಂಡ್ನ್ರಿ. ಹತ್ತೂವರಿಗೆ ಶೆರೆ ಅಂಗಡಿ ಬಾಗಲಾ ತಗದ್ರು.”

ಅಜ್ಜಾರು ಅವನ ಬೆನ್ನ ಮೇಲೆ ಕೈಯಿಟ್ಟು, “ಹೋಗು, ಹೊಳಿಗೆ ಹೋಗಿ ಜಳಕ ಮಾಡು. ಇವತ್ತ ಒಂದನೇ ದಿನ,” ಎಂದರು.

ಪರಸಪ್ಪ ಹೋದ ಮೇಲೆ ಶಂಭುಲಿಂಗ ಬೀಗದ ಕಥೆಯನ್ನೆಲ್ಲ ಹೇಳಿದ. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

ಅಜ್ಜಾರು ಕಟ್ಟೆಯಿಂದ ಇಳಿದು ಅವನ ಎದುರು ನಿಂತರು.

“ಮೌನ ನಾ ನನ್ನ ನಾಲಗಿಗೆ ಹಾಕ್ಕೊಂಡಿದ್ದು,” ಎಂದರು. “ಮಂದಿ ನಾಲಗಿಗೆ ಹಾಕು ಅಂತ ನಿನಗ ಯಾರು ಹೇಳಿದ್ರು?”

ಅಷ್ಟಕ್ಕೆ ಶಂಭುಲಿಂಗನ ಕಟ್ಟೆ ಒಡೆಯಿತು.

“ಮತ್ತ ನಾ ಏನ್ ಮಾಡಬೇಕಿತ್ರಿ? ಹೇಳ್ರಿ, ಏನ್ ಮಾಡಬೇಕಿತ್ತು? ಉಣ್ಣೋವಾಗ ಫೋನ್, ಪೂಜಾದಾಗ ಫೋನ್. ಕಣ್ಣು ಉರೀತಾವು. ಕರದ್ರ ಒಬ್ಬರೂ ಬರಂಗಿಲ್ಲ. ನಿಮಗೇನ್ರಿ, ನೀವು ಹೊಳಿ ನೋಡಕೋತ ಕುಂದ್ರತೀರಿ!”

ಅಂದ ಮೇಲೆ ಅವನಿಗೇ ಹೆದರಿಕೆಯಾಯಿತು. ಹದಿನೈದು ವರ್ಷದಲ್ಲಿ ಅಜ್ಜಾರ ಎದುರು ಅವನು ಹೀಗೆ ಮಾತಾಡಿದವನಲ್ಲ.

ಅಜ್ಜಾರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಬೇಸರ ಬಂದ ಹಾಗೆ ಕಂಡಿತು. ಅದು ಇನ್ನೂ ಕೆಟ್ಟದ್ದು.

“ನಾಳಿ ಊಟದ ಹೊತ್ತಿನ್ಯಾಗ ಮೂಲ್ಯಾಗ ಕುಂದ್ರು,” ಎಂದರು. “ಏಳಬ್ಯಾಡ. ಬಾಯಿ ತಗೀಬ್ಯಾಡ. ನೋಡು.”

ಆಶ್ರಮದಲ್ಲಿ ಬಡಿಸಲೆಂದು ನೇಮಿಸಿದವರು ಯಾರೂ ಇರಲಿಲ್ಲ. ಮೊದಲ ಪಂಕ್ತಿಯಲ್ಲಿ ಉಂಡವರು ಎದ್ದು ಎರಡನೆಯ ಪಂಕ್ತಿಗೆ ಬಡಿಸಬೇಕು. ನಿನ್ನೆ ಬಂದವರಿಗೂ ಅದೇ, ಹತ್ತು ವರ್ಷದಿಂದ ಇದ್ದವರಿಗೂ ಅದೇ. ಆದರೆ ಶಂಭುಲಿಂಗ ಬಂದಾಗಿನಿಂದ ನಡುವೆ ನಿಂತು, ಇದಕ್ಕೆ ಮೊದಲು ಅದು, ಅದಕ್ಕೆ ಮೊದಲು ಇದು ಎಂದು ನಡೆಸುತ್ತಿದ್ದವನು ಅವನೇ.

ಮರುದಿನ ಅವನು ಮೂಲೆಯಲ್ಲಿ ಕುಳಿತ.

ಉಪ್ಪು ಬಡಿಸುವುದನ್ನೇ ಮರೆತರು. ಅವನಿಗೆ ಕೂಗಬೇಕೆನ್ನಿಸಿತು. ಬದನೆಕಾಯಿ ಪಲ್ಯ ಒಬ್ಬನಿಗೆ ಎರಡು ಸಲ ಬಿತ್ತು, ಪಕ್ಕದ ಮುದುಕಿಗೆ ಬೀಳಲೇ ಇಲ್ಲ. ನುಚ್ಚು ಬರುವ ಮೊದಲೇ ಮಜ್ಜಿಗೆ ಬಂತು. ಯಾವ ಬುದ್ಧಿವಂತ ತಂದನೋ. ಸಾರಿನ ಬೋಗುಣಿ ಹಿಡಿದವನು ಪರಸಪ್ಪ. ಅವನ ಕೈ ಇನ್ನೂ ನಡುಗುತ್ತಿತ್ತು. ಒಂದು ಸೌಟು ತಟ್ಟೆಗೆ ಬಿದ್ದರೆ ಅರ್ಧ ಸೌಟು ನೆಲಕ್ಕೆ ಬೀಳುತ್ತಿತ್ತು.

ಶಂಭುಲಿಂಗ ಎರಡೂ ಕೈಯಿಂದ ತನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಪಲ್ಯ ಸಿಗದ ಮುದುಕಿಗೆ ಎರಡು ಪಾಲು ಬಂದವನು ತನ್ನದರಲ್ಲಿ ಅರ್ಧ ಸರಿಸಿದ. ಹಲ್ಲಿಲ್ಲದ ಒಬ್ಬ ಅಜ್ಜನ ಮುಂದೆ ಪರಸಪ್ಪ ಕುಕ್ಕರಗಾಲಲ್ಲಿ ಕುಳಿತು, ಬೋಗುಣಿ ಬದಿಗಿಟ್ಟು, ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಸಿಕೊಟ್ಟ. ಯಾರೋ ಉಪ್ಪು ಕೇಳಿದರು. ಇನ್ಯಾರೋ ಓಡಿಹೋಗಿ ತಂದರು.

ಪಂಕ್ತಿ ಎದ್ದಿತು. ಅಜ್ಜಾರು ಬಂದು ಅವನ ಪಕ್ಕ ನಿಂತರು.

“ಯಾರರ ಹಸಕೊಂಡು ಎದ್ದರೇನು?”

“ಇಲ್ರಿ. ಆದರೂ...”

“ಹಸಕೊಂಡು ಎದ್ದರೇನು ಅಂತ ಕೇಳಿದೆ.”

“ಇಲ್ರಿ. ಆದರೂ ಉಪ್ಪು...”

“ಆ ‘ಆದರೂ’ ಅನ್ನೋದನ್ನ ಒಯ್ದು ಹೊಳಿಗೆ ಹಾಕಿ ಬಾ!” ಎಂದರು ಅಜ್ಜಾರು. ಈ ಸಲ ಅವರ ಧ್ವನಿ ಏರಿತ್ತು. “ಹಾಕಿ, ಹಂಗ ಆ ನೀಲವ್ವನ ಊರಿಗೆ ಹೋಗು.”

“ಹೋಗಿ ಏನ್ ಮಾಡ್ಲಿ?”

“ಒಂಬೈನೂರು ಮಂದೀನ ನಾಕ ಸಲ ಕೇಳಿದಿ. ಈಗ ಒಬ್ಬಾಕೀನ ಒಂದ ಸಲ ಕೇಳು.”

ನೀಲವ್ವನ ಗಿರಣಿಯನ್ನು ಶಂಭುಲಿಂಗ ಯಾರನ್ನೂ ಕೇಳದೆ ಹುಡುಕಿದ. ಓಣಿಗೆ ಕಾಲಿಟ್ಟ ಕೂಡಲೇ ಸೀನು ಶುರುವಾಗಿತ್ತು. ಒಳಗೆ ಕಬ್ಬಿಣದ ಹಾರೆಗಳು ಧಡಧಡ ಏಳುತ್ತ ಬೀಳುತ್ತ ಬ್ಯಾಡಗಿ ಮೆಣಸಿನಕಾಯಿ ಕುಟ್ಟುತ್ತಿದ್ದವು. ನೀಲವ್ವ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಕಣ್ಣಷ್ಟೇ ಕಾಣುತ್ತಿತ್ತು, ಆ ಕಣ್ಣಲ್ಲಿ ಸ್ವಾಗತವೇನೂ ಇರಲಿಲ್ಲ.

“ಅಕ್ಕಾರ, ನಾನು... ಆಕ್ಷಿ! ಆಶ್ರಮದ ಶಂಭು... ಆಕ್ಷಿ!”

“ಗೊತ್ತಾತು ಬಿಡ್ರಿ. ಫೋಟೋ ನೋಡೀನಿ. ಹದಿನಾಲ್ಕನೇ ನಿಯಮದವ್ರು.”

ಅವನು ಇಪ್ಪತ್ತು ಸೀನುಗಳ ನಡುವೆ ಬಂದ ಕಾರಣ ಹೇಳಿದ. ಪರಸಪ್ಪನ ಸುದ್ದಿ ಹೇಳಿದ. ನೀಲವ್ವ ಯಂತ್ರ ನಿಲ್ಲಿಸಿದಳು.

“ಸ್ವಾಮಾರ ಹೂ ಬರಲಿಲ್ಲ ಅಂತ ನನಗ ಚಿಂತಿ ಆಗಿತ್ತು,” ಎಂದಳು.

“ಯಾವ ಹೂ?”

“ಮುಂಜಾನೆ ಗುಲಾಬಿ ಹೂ ಹಾಕ್ತಾರಲ್ಲ ಅಣ್ಣಾರ, ನೀವು ಕಸ ಅಂತೀರಿ. ಕೆರೂರ ಮಾಸ್ತರು ಆರಕ್ಕ ಹಾಕ್ತಾರ. ಪರಸಪ್ಪ ಆರೂವರಿಗೆ, ಗಾಡಿ ಹೊಡಿಯಾಕ ಹೋಗೋ ಮುಂದ. ಹೂ ಬಂತು ಅಂದ್ರ ರಾತ್ರಿ ಕುಡದಿಲ್ಲ, ಎದ್ದಾರ, ಕೈ ನಡಗವಲ್ದು ಅಂತ. ಬರಲಿಲ್ಲ ಅಂದ್ರ ನಾ ಫೋನ್ ಮಾಡ್ತಿದ್ದೆ. ಸ್ವಾಮಾರ ಯಾರದೂ ಬರಲಿಲ್ಲ, ಯಾರಿಗಂತ ಮಾಡ್ಲಿ?”

“ನೀವು? ದಿನಾ?”

“ನಾನೊಬ್ಬಾಕೆ ಅಲ್ರಿ. ನಾಕೈದು ಮಂದಿ ಅದೀವಿ. ನಂಬರ ಬರದಿಟ್ಕೊಂಡು ಹಂಚ್ಕೊಂಡೀವಿ. ನೀವು ಏಳೂವರಿಗೆ ಬಂದು ಎಲ್ಲಾ ಅಳಿಸಿಬಿಡತೀರಿ. ಅದಕ್ಕ ಮೊದಲ ಎದ್ದು ನೋಡಕೋತೀವಿ.”

ಶಂಭುಲಿಂಗ ಮೆಣಸಿನಕಾಯಿ ಚೀಲದ ಮೇಲೆ ಕುಳಿತುಬಿಟ್ಟ. ಎರಡು ವರ್ಷದಲ್ಲಿ ಅವನು ಎಷ್ಟು ಸಾವಿರ ಗುಲಾಬಿ ಅಳಿಸಿದ್ದನೋ ಲೆಕ್ಕವಿರಲಿಲ್ಲ. ಪ್ರತಿಯೊಂದನ್ನೂ ಬೈಯುತ್ತಲೇ ಅಳಿಸಿದ್ದ. ಯಾರೂ ಕೈ ಹಚ್ಚುವುದಿಲ್ಲ ಎಂದು ಊರೆಲ್ಲ ದೂರಿದ್ದ. ಅವನ ಕಣ್ಣಲ್ಲಿ ನೀರು ಬಂತು. ಖಾರದ ಗಿರಣಿಯಲ್ಲಿ ಕುಳಿತದ್ದರಿಂದ ಅದಕ್ಕೆ ಕಾರಣ ಹೇಳಬೇಕಾಗಲಿಲ್ಲ.

“ತಪ್ಪಾತ್ರಿ ಅಕ್ಕಾರ. ಅವತ್ತ ನಾ ಹಂಗ ಅನಬಾರದಿತ್ತು. ನನಗ ನಿಮ್ಮ ಕೈ ಬೇಕಾಗೇತಿ.”

ನೀಲವ್ವ ಸೆರಗು ಸಡಿಲಿಸಿ ಅವನನ್ನು ನೋಡಿದಳು.

“ನನಗ ಇಪ್ಪತ್ಮೂರು ನಿಯಮ ಬಾಯಿಪಾಠ ಆಗಂಗಿಲ್ರಿ.”

“ಎಷ್ಟ ಆಗ್ತಾವು?”

“ಎರಡು. ಬಾಯಿ ಒಣಗಿದವಗ ಮೊದಲ ಫೋನ್ ಹೋಗಬೇಕು. ಜಗಳ ಆಡೋರು ಹೊರಗ ಹೋಗಿ ಆಡಬೇಕು.”

“ಆತ್ರಿ.”

“ಮುಂಜಾನೆ ಐದರಿಂದ ಎಂಟರ ತನಕ ನೋಡ್ತೀನಿ. ಮುಂದ ಗಿರಣಿ ಐತಿ. ಬಳಗದ ಚಾವಿ ಕೊಟ್ಟ ಮ್ಯಾಲ ನೀವು ನನ್ನ ಹಿಂದ ನಿಂತು ಇಣಕಬಾರದು.”

“ಇಣಕಂಗಿಲ್ರಿ,” ಎಂದ ಶಂಭುಲಿಂಗ. ಆ ಮಾತು ಹೇಳುವಾಗ ಅವನಿಗೆ ಹಲ್ಲು ಕಿತ್ತಷ್ಟು ನೋವಾಯಿತು.

ಮೊದಲ ದಿನ ಹನ್ನೊಂದು ಸಲ ಇಣುಕಿದ. ಹನ್ನೊಂದನೆಯ ಸಲ ಅಜ್ಜಾರ ಬಳಿಗೆ ಓಡಿದ.

“ಅಜ್ಜಾರ, ಟೇಲರ್ ಮಾರೋದೈತಿ ಅಂತ ಮತ್ತ ಹಾಕ್ಯಾನ್ರಿ. ಎರಡು ತಾಸು ಆತು. ಆಕಿ ತಗದಿಲ್ಲ!”

“ಹೌದೇನು? ಯಾರರ ತಗೊಂಡ್ರೇನು ಟೇಲರ್?”

“ಅಜ್ಜಾರ!”

“ಯಾಕ ಒದರತಿ? ಅದು ಅಲ್ಲೆ ಇದ್ರ ಯಾರಿಗೆ ಏನಾತು?”

ಶಂಭುಲಿಂಗ ಯೋಚಿಸಿದ. ಬಹಳ ಯೋಚಿಸಿದ. ಯಾರಿಗೂ ಏನೂ ಆಗಿರಲಿಲ್ಲ. ಅದು ಅವನನ್ನು ಇನ್ನೂ ಕೆಣಕಿತು. ಫೋನನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹಾಕಿ ಹೊಲಕ್ಕೆ ಹೋಗಿ ಸಂಜೆಯವರೆಗೆ ಕಳೆ ಕಿತ್ತ. ತಾಸಿಗೊಮ್ಮೆ ಅವನ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು. ಆಗ ಅವನಿಗೊಂದು ವಿಚಾರ ಹೊಳೆಯಿತು, ಇಲ್ಲಿಗೆ ಬರುವವರಿಗೆಲ್ಲ ಮೊದಲ ದಿನ ಹೀಗೇ ಆಗುತ್ತಿರಬಹುದು ಎಂದು.

ಆ ವಾರ ಅವನು ಯಾವ ಸೂಚನೆಯನ್ನೂ ಹಾಕಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿದ, ಹೆಸರು ಹಿಡಿದು ಕೇಳಿದ. ಮಾಸ್ತರೇ, ಸಂಜೆ ಒಂದು ತಾಸು ನೀವು ನೋಡಿಕೊಳ್ಳುವಿರಾ? ಮಾಸ್ತರು ಒಪ್ಪಿದರು. ಆಮೇಲೆ, ಎರಡು ವರ್ಷದಿಂದ ಯಾರೂ ತನ್ನನ್ನು ಏನನ್ನೂ ನೋಡಿಕೋ ಎಂದು ನಂಬಿ ಕೇಳಿರಲಿಲ್ಲ ಎಂದರು. ಒಬ್ಬ ಬೇಡವೆಂದ. ಒಬ್ಬಾಕೆ ಮಗನ ಪರೀಕ್ಷೆ ಮುಗಿಯಲಿ ಎಂದಳು. ಒಟ್ಟು ಐದು ಜನ ಆದರು. ದಿನಕ್ಕೊಬ್ಬರು, ಹೊತ್ತಿಗೊಬ್ಬರು ಸಿಕ್ಕರು.

ಸೋಮವಾರ ಬೆಳಗ್ಗೆಗೆ ಮಾತ್ರ ಯಾರೂ ಸಿಗಲಿಲ್ಲ. ನೀಲವ್ವನ ಊರಲ್ಲಿ ಸೋಮವಾರ ಸಂತೆ. ನಸುಕಿನಿಂದಲೇ ಗಿರಣಿಗೆ ಸಾಲು ಹಚ್ಚಿರುತ್ತಾರೆ. ಮಾಸ್ತರಿಗೆ ಶಾಲೆ. ಆಶ್ರಮದವರಿಗೆ ಮೌನ.

ಮುಂದಿನ ವಾರ ಬಂದರೂ ಸಿಗಲಿಲ್ಲ. ಶನಿವಾರ ಸಂಜೆ ಶಂಭುಲಿಂಗ ಮತ್ತೆ ಹೊಳೆಗೆ ಇಳಿದು ಬಂದ. ಅಜ್ಜಾರು ಕಾಲು ನೀರಲ್ಲಿ ಇಳಿಬಿಟ್ಟು ಕುಳಿತಿದ್ದರು.

“ಎಲ್ಲಾ ಆತ್ರಿ. ಸ್ವಾಮಾರ ಮು‍ಂಜಾನೆದು ಒಂದ ಉಳದೈತಿ. ಹೋದ ಸ್ವಾಮಾರ ನಾನ ಮೌನ ಮುರದು ನೋಡಿದ್ನಿ. ಇನ್ನ ಮುಂದೂ ನಾನ ನೋಡ್ಲೇನ್ರಿ?”

“ಬ್ಯಾಡ. ಪರಸಪ್ಪನ್ನ ಕೇಳು. ಅವಗ ಸ್ವಾಮಾರ ಮೌನ ಬ್ಯಾಡ.”

ಶಂಭುಲಿಂಗ ತಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಅವರ ಮುಖ ನೋಡಿದ.

“ಯಾವ ಪರಸಪ್ಪ? ಈ ಪರಸಪ್ಪೇನ್ರಿ?”

“ನಮ್ಮಲ್ಲೆ ಎಷ್ಟ ಮಂದಿ ಪರಸಪ್ಪ ಅದಾರ?”

“ಅಜ್ಜಾರ, ಅಂವ ಬಿಟ್ಟು ಹನ್ನೊಂದ ದಿನ ಆಗೇತ್ರಿ! ಕೈ ಈಗೀಗ ನಿಂತಾವು. ಎರಡ ಶಬ್ದ ಕೂಡಿಸಿ ಬರೆಯಾಕ ಅರ್ಧಾ ತಾಸು ಬೇಕು ಅವಗ. ಅಷ್ಟು ಮಂದೀದು ಜೀವದ ಪ್ರಶ್ನೆ ಐತಿ, ಅವನ ಕೈಯಾಗ ಹ್ಯಾಂಗ್ರಿ ಕೊಡೋದು?”

“ಫೋನ್ ಮಾಡಾಕ ಬರತೈತಲ್ಲ?”

“ಬರತೈತ್ರಿ. ಆದ್ರ ಕಾಯಾಕ ಕುಂತಾಗ ಅವಂದ ಬಾಯಿ ಒಣಗಿದ್ರ?”

“ಬರೀತಾನ. ಯಾರರ ಫೋನ್ ಮಾಡ್ತಾರ.”

ಶಂಭುಲಿಂಗ ಹಣೆ ಹಿಡಿದುಕೊಂಡ. ಹೊಳೆಯ ಆಚೆ ದಂಡೆಯಲ್ಲಿ ಪರಸಪ್ಪ ಆಶ್ರಮದ ಎಮ್ಮೆಗಳನ್ನು ಮೈ ತೊಳೆಯುತ್ತಿದ್ದ. ಒಂದು ಎಮ್ಮೆ ಅವನ ಮಾತು ಕೇಳದೆ ನಡುನೀರಿಗೆ ಹೋಗಿ ನಿಂತಿತ್ತು.

“ಒಂಬೈನೂರು ಮಂದ್ಯಾಗ ನಿಮಗ ಬ್ಯಾರೆ ಯಾರೂ ಸಿಗಲಿಲ್ಲೇನ್ರಿ ಅಜ್ಜಾರ? ವರ್ಷಗಟ್ಲೆ ಬಿಟ್ಟವರು ಅದಾರ. ಓದಿದವರು ಅದಾರ. ಅವನ್ನ ಯಾಕ್ರಿ?”

ಅಜ್ಜಾರು ನೀರಿನಿಂದ ಕಾಲು ತೆಗೆದು, ಎದ್ದು, ಅವನ ಹೆಗಲು ಹಿಡಿದು ಒಂದು ಮೆಟ್ಟಿಲು ಹತ್ತಿದರು.

“ನೀ ಹಾಕಿದ ಆ ಬಾಗಲಾ ಹೊರಗ ನಿಂತು ನೋಡಿದಾಂವ ಅವನೊಬ್ಬನ ಅದಾನ, ಶಂಭು.”